ಪಿಳ್ಳಣ್ಣನ ಹೆಗಲಿಗೆ ಬಿದ್ದ ಶಾಲು

ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಉಪ್ಪುನೀರು ಮುಕ್ಕಳಿಸುತ್ತಿದ್ದ ಸೊಣ್ಣಮ್ಮನಿಗೆ ಒಳಗಿನಿಂದ ಗಂಡನ ಗಂಟಲು ಕೇಳಿಸುತ್ತಿತ್ತು. ‘ಸಭಾಧ್ಯಕ್ಷರೇ’ ಎಂದು ಒಂದು ಸಲ, ಆಮೇಲೆ ಕೆಮ್ಮು, ಮತ್ತೆ ‘ಮಾನ್ಯ ಸಭಾಧ್ಯಕ್ಷರೇ’. ಬೆಳಗಿನ ಗೂಡ್ಸ್ ಗಾಡಿ ಯಶವಂತಪುರದ ಯಾರ್ಡಿಗೆ ಬಂದು ನಿಲ್ಲುವಾಗ ಒಂದಕ್ಕೊಂದು ಡಿಕ್ಕಿ ಹೊಡೆಯುವ ಡಬ್ಬಿಗಳ ಹಾಗೆ ಆ ಮಾತು ಅವನ ಬಾಯಲ್ಲಿ ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ಗುದ್ದಾಡುತ್ತಿತ್ತು. ಅವಳು ಉಪ್ಪುನೀರು ಉಗಿದು ನಾಲಿಗೆಯನ್ನು ಸೆರಗಿನ ತುದಿಯಿಂದ ಒರೆಸಿಕೊಂಡಳು. ಇವತ್ತೊಂದು ದಿನ ಈ ಮುಕ್ಕಳಿಸುವ ಪೀಡೆ ಬೇಡ ಎಂದುಕೊಂಡೇ ಎದ್ದಿದ್ದಳು. ಕೈ ಮಾತ್ರ ತಾನಾಗಿ ಉಪ್ಪಿನ ಗಡಿಗೆಗೆ ಹೋಗಿಬಿಟ್ಟಿತ್ತು. ಒಂದು ದಿನ ಬಿಟ್ಟಿದ್ದರೆ ಯಾರಪ್ಪನ ಮನೆ ಗಂಟು ಹೋಗುತ್ತಿತ್ತು? ಸಾಯಂಕಾಲ ಮರದ ಡಿಪೋದಲ್ಲಿ ಸನ್ಮಾನ. ಮರದ ಕೆಲಸದವರ ಕಷ್ಟಸುಖಕ್ಕೆ ಆದ ಸ್ವಯಂಸೇವಕರಿಗೆ ಸನ್ಮಾನ ಎಂದು ಬಟ್ಟೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿ ರಸ್ತೆಗೆ ಅಡ್ಡಲಾಗಿ ಕಟ್ಟಿದ್ದರು. ಸನ್ಮಾನ ಅವಳದು. ಶಾಲು ಮಾತ್ರ ಪಿಳ್ಳಣ್ಣನಿಗೆ.

“ಇವ್ಳೇ, ಈ ಗುಂಡಿ ಒಸಿ ಹಾಕ್ಬಾ” ಎಂದ ಪಿಳ್ಳಣ್ಣ ಒಳಗಿನಿಂದ. ಸ್ಟೇಷನ್ನಿನಲ್ಲಿ ಕೆಲಸಕ್ಕಿರುವ ತನ್ನ ಷಡ್ಡಕನಿಂದ ಇಸಿದುಕೊಂಡು ಬಂದ ಕರಿ ಕೋಟು ಅವನ ಹೊಟ್ಟೆಯ ಹತ್ತಿರ ಬಂದು ನಿಂತು, ಇನ್ನು ಮುಂದಕ್ಕೆ ಬರುವುದಿಲ್ಲ ಎನ್ನುತ್ತಿತ್ತು. ಅವಳು ಎದ್ದು ಹೋಗಿ, ಉಸಿರು ಬಿಡದೆ ಗುಂಡಿ ತೂರಿಸಿದಳು. ಅಷ್ಟು ಹತ್ತಿರ ನಿಂತಾಗ ಅವನು ಮುಖವನ್ನು ಒಂದಿಷ್ಟು ಆ ಕಡೆಗೆ ತಿರುಗಿಸಿದ. ಬೇಕೆಂದು ಮಾಡಿದ್ದಲ್ಲ, ಅಭ್ಯಾಸ. ಗೂಡಿನಲ್ಲಿ ಅವನ ಹಿತ್ತಾಳೆ ಲೋಟ ಬೋರಲಾಗಿ ಕೂತಿತ್ತು. ಅದಕ್ಕೆ ಅವಳ ತುಟಿ ತಾಗಕೂಡದು. ಅವನ ಅವ್ವ ಸುಬ್ಬಮ್ಮ ನಾಲಿಗೆಯಿಂದ ಮಾಡುವ ಇದೇ ಕೆಲಸವನ್ನು ಇದೇ ಡಿಪೋದವರಿಗೆ ಮಾಡುತ್ತಿದ್ದಾಗ ಅವಳು ಕಚ್ಚಿ ಕೊಟ್ಟ ಕೊಬ್ಬರಿ ಚೂರನ್ನು ಬಾಯಿ ಚಪ್ಪರಿಸಿಕೊಂಡು ತಿಂದವನು ಇವನು. ಅವ್ವನ ನಾಲಿಗೆ ದೇವರ ಪ್ರಸಾದ, ಹೆಂಡತಿಯ ನಾಲಿಗೆ ಊರವರ ಎಂಜಲು. ಮದುವೆಯಾಗಿ ಶೆಟ್ಟಿಹಳ್ಳಿಯಿಂದ ಇಲ್ಲಿಗೆ ಬಂದ ಹೊಸದರಲ್ಲಿ ಅವಳು ಇದನ್ನು ನೆನೆದು ಅಳುತ್ತಿದ್ದಳು. ಈಗ ಅಳು ಬರುತ್ತಿರಲಿಲ್ಲ. ರೇಗುತ್ತಿತ್ತು. ರೇಗುವುದಕ್ಕೂ ಒಂದು ಮಿತಿ ಇರಬೇಕಲ್ಲ, ಆ ಮಿತಿ ಎಲ್ಲಿದೆಯೋ ಎಂದು ಅವಳು ಈಚೆಗೆ ಹುಡುಕುತ್ತಿದ್ದಳು.

ಡಿಪೋದಲ್ಲಿ ಕರೆಂಟಿನ ಮಿಲ್ಲು ಬಂದಿದ್ದರೂ ತಬ್ಬಿದರೆ ಕೈಗೆ ಸಿಕ್ಕದಂಥ ದಿಮ್ಮಿಗಳನ್ನು ಕುಯ್ಯುವುದು ಈಗಲೂ ನೆಲದಲ್ಲಿ ತೋಡಿದ ಕುಣಿಯ ಮೇಲೆಯೇ. ದಿಮ್ಮಿಯನ್ನು ಕುಣಿಗೆ ಅಡ್ಡಲಾಗಿ ಹಾಕಿ, ಒಬ್ಬ ಅದರ ಮೇಲೆ ನಿಂತು, ಇನ್ನೊಬ್ಬ ಕೆಳಗೆ ಕುಣಿಯಲ್ಲಿ ನಿಂತು, ಉದ್ದ ಗರಗಸವನ್ನು ಇವನು ಮೇಲಕ್ಕೆ ಅವನು ಕೆಳಕ್ಕೆ ಎಳೆಯಬೇಕು. ಮೇಲಿನವನಿಗೆ ಬಿಸಿಲು, ಕೆಳಗಿನವನಿಗೆ ಹೊಟ್ಟು. ತಲೆಗೆ ವಸ್ತ್ರ ಸುತ್ತಿ, ರೆಪ್ಪೆ ಅರ್ಧ ಮುಚ್ಚಿ ಎಳೆದರೂ ದಿನಕ್ಕೊಬ್ಬನಾದರೂ ಕಣ್ಣು ಹಿಡಿದುಕೊಂಡು ಸೊಣ್ಣಮ್ಮನ ಜಗಲಿಗೆ ಓಡಿ ಬರುತ್ತಾನೆ. ಅವಳು ಅವನ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಹೆಬ್ಬೆರಳಿನಿಂದ ರೆಪ್ಪೆ ಮಗುಚಿ, ನಾಲಿಗೆಯ ತುದಿಯನ್ನು ಕಣ್ಣುಗುಡ್ಡೆಯ ಮೇಲೆ ಒಂದು ಸುತ್ತು ಆಡಿಸುತ್ತಾಳೆ. ಹೊಟ್ಟಾಗಲಿ ಸಿಬಿರಾಗಲಿ ನಾಲಿಗೆಗೆ ಅಂಟಿಕೊಂಡು ಬರುತ್ತದೆ. ಬಂದಮೇಲೆ ಅವನು ಎದ್ದು, ಅವಳ ಮುಖ ನೋಡದೆ, ಒಂದು ಮಾತೂ ಆಡದೆ ಹೊರಟುಹೋಗಬೇಕು. ಅವಳು ಅವನಿಂದ ಏನನ್ನೂ ಮುಟ್ಟಕೂಡದು. ಎಲೆ ಅಡಿಕೆ ಕೂಡದು, ಒಂದು ಹೂವು ಕೂಡದು, ‘ನಿಮ್ಮಿಂದ ಉಪಕಾರವಾಯಿತು’ ಎಂಬ ಮಾತೂ ಕೂಡದು. ಮುಟ್ಟಿದರೆ ನಾಲಿಗೆಯ ಗುಣ ಸತ್ತುಹೋಗುತ್ತದೆ. ಗ್ರಹಣ ಹಿಡಿದಿದ್ದ ಹೊತ್ತಿನಲ್ಲಿ, ಬಾವಿಯ ಕಟ್ಟೆಯ ಹತ್ತಿರ, ಒದ್ದೆ ಸೀರೆಯಲ್ಲಿ ನಿಲ್ಲಿಸಿ ಅತ್ತೆ ಆಣೆ ಇಕ್ಕಿಸಿದ್ದಳು. ಆಗ ಸೊಣ್ಣಮ್ಮನಿಗೆ ಚಳಿ ಎಷ್ಟು ಹಿಡಿದಿತ್ತೆಂದರೆ ಯಾವ ಆಣೆಗಾದರೂ ಹೂಂ ಅನ್ನುತ್ತಿದ್ದಳು. ಮೂವತ್ತು ವರ್ಷದಿಂದ ಬೆನ್ನುಗಳನ್ನೇ ನೋಡುತ್ತಿದ್ದಾಳೆ. ಕಣ್ಣು ಹಗುರವಾದ ಗಂಡಸರ ಬೆನ್ನು. ಬೆವರು, ಹೊಟ್ಟು, ಹರಿದ ಬನೀನು. ಉಂಡ ಮುದ್ದೆಯೂ ಅವಳಿಗೆ ಮತ್ತಿ ಮರದ ಹಾಗೆ ಒಗರಾಗಿತ್ತು, ಕುಡಿದ ಕಾಫಿಯಲ್ಲೂ ಬೀಟೆಯ ಘಾಟು.

ಡಿಪೋದ ಸಾವ್ಕಾರ ಮುನಿಕೃಷ್ಣಪ್ಪ ಈ ಸನ್ಮಾನದ ಮಾತು ಎತ್ತಿದಾಗ ಅವಳ ಎದೆ ಧಸಕ್ಕೆಂದದ್ದು ಹೆದರಿಕೆಯಿಂದಲ್ಲ, ಆಸೆಯಿಂದ. ಅದು ಅವಳಿಗೊಬ್ಬಳಿಗೇ ಗೊತ್ತು. ಕಾರ್ಪೊರೇಶನ್ ಚುನಾವಣೆಗೆ ನಿಲ್ಲಲು ಸಾವ್ಕಾರನ ಮೈ ನವೆಯುತ್ತಿತ್ತು, ಅದಕ್ಕೇ ಈ ಸಂಭ್ರಮ ಎಂದು ಊರೆಲ್ಲ ಆಡಿಕೊಂಡಿತು, ಆಡಿಕೊಳ್ಳಲಿ. ನಾಲ್ಕು ಜನರ ಮುಂದೆ ಕುರ್ಚಿಯ ಮೇಲೆ ಕೂರಿಸಿ, ‘ಇವಳು ಇಂಥವಳು, ಇಂಥದ್ದು ಮಾಡಿದಳು’ ಎಂದು ಒಬ್ಬ ಬಾಯಿಬಿಟ್ಟು ಹೇಳುತ್ತಾನೆ. ಆ ಮಾತು ಹೇಗಿರುತ್ತದೆ ಎಂದು ಅವಳು ರೊಟ್ಟಿ ತಟ್ಟುವಾಗ, ಗುಡಿಸುವಾಗ, ತನ್ನೊಳಗೇ ಆಡಿ ನೋಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ದಸ್ತಗೀರ ಬಂದ. ಇಪ್ಪತ್ತು ವರ್ಷದಿಂದ ಕುಣಿಯ ಕೆಳಗಿನ ಆಳು ಅವನು. ಅವನ ಜೋಡಿ, ದಿಮ್ಮಿಯ ಮೇಲೆ ನಿಲ್ಲುವ ಚಿಕ್ಕಮಾರಯ್ಯನೂ ಹಿಂದೆಯೇ ಬಂದ. ಇಬ್ಬರೂ ಜಗಲಿಯ ಕೆಳಗೆ ನಿಂತರು.

“ಕಣ್ಣಿಗೆ ಬಿತ್ತೇನೋ?” ಎಂದಳು.

“ಇಲ್ಲಮ್ಮ. ಶಾಲಿನ ವಿಷಯ” ಎಂದ ದಸ್ತಗೀರ, ನೆಲ ನೋಡುತ್ತ. “ಸಾವ್ಕಾರ್ರು ನಿಮಗೆ ಶಾಲು ಹೊದಿಸ್ತಾರಂತೆ. ಖುಷಿ ಆಯ್ತಮ್ಮ, ಖುದಾ ಕಸಂ. ಆದ್ರೆ...”

“ಆದ್ರೆ?”

“ನೀನ್ ಅದ್ನ ಮುಟ್ಟಿದ್ರೆ ನಮ್ ಗತಿ ಏನವ್ವ?” ಚಿಕ್ಕಮಾರಯ್ಯ ಬಾಯಿ ಹಾಕಿದ. “ಸುಬ್ಬಮ್ಮಜ್ಜಿ ಆಣೆ ಇಕ್ಸಿದ್ದು ಇಡೀ ಡಿಪೋಗೇ ಗೊತ್ತು. ಒಂದ್ ಶಾಲಿಗೋಸ್ಕರ ಇಷ್ಟ್ ಜನದ್ ಕಣ್ಣು ಹೋಗ್ಬೇಕಾ?”

“ಅಂಗಾದ್ರೆ ಬ್ಯಾಡ ಅಂದ್ಬಿಡ್ತೀನಿ ಬುಡು.”

“ಅಯ್ಯೋ, ಅಂಗೂ ಅನ್ಬೇಡಿ ಅಮ್ಮಾ” ಎಂದ ದಸ್ತಗೀರ. “ಮೈಕ್‌ನವನಿಗೆ ಹೇಳಾಗಿದೆ. ಬ್ಯಾನರ್ ಬರ್ಸಾಗಿದೆ. ಸಾವ್ಕಾರ್ರಿಗೆ ಅವಮಾನ ಆದ್ರೆ ಆ ಸಿಟ್ಟು ನಮ್ ತಲೆ ಮೇಲೆ.”

“ತಗೋಬ್ಯಾಡ ಅಂತೀರ, ಬ್ಯಾಡ ಅನ್ನಲೂ ಬ್ಯಾಡ ಅಂತೀರ. ನಾನೇನ್ ಮಾಡ್ಲಿ, ಬಾವಿಗೆ ಬೀಳ್ಲಾ?”

ಆಗ ಒಳಗಿನಿಂದ ಪಿಳ್ಳಣ್ಣನ ಸ್ವರ ಬಂತು. ಮಲಗಿದ್ದಾನೆ ಎಂದುಕೊಂಡಿದ್ದರು. “ನಾನ್ ತಗೊಂಡ್ರೆ ಆಗಲ್ವಾ? ಗಂಡ ಎಂಡ್ತಿ ಬ್ಯಾರೆ ಬ್ಯಾರೆನಾ?”

ದಸ್ತಗೀರ ತಲೆ ಎತ್ತಿ ಜೋಡಿಯ ಮುಖ ನೋಡಿದ. ಆಮೇಲೆ ಚಿಕ್ಕಮಾರಯ್ಯನ ಮುಖ ಅರಳಿತು. “ಅದೂ ಸರಿನೇ! ಪಿಳ್ಳಣ್ಣನ ನಾಲಿಗೆ ಸತ್ತೋದ್ರೆ ಯಾರ್ಗೇನ್ ನಷ್ಟ?” ಎಂದು ಅವನು ನಕ್ಕ, ದಸ್ತಗೀರ ನಕ್ಕ, ಒಳಗೆ ಪಿಳ್ಳಣ್ಣನೂ ನಕ್ಕ. ಅವಳನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ತನಗೆ ಅಷ್ಟು ಹೊತ್ತಿಗೆ ಏನಾದರೂ ಒಂದು ಮಾತು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅವರು ಹೋದಮೇಲೆ, ರಾತ್ರಿ ಅಡುಗೆಗೆ ಸೊಪ್ಪು ಸೋಸುವಾಗ ಹತ್ತು ಮಾತು ಹೊಳೆದವು, ಒಂದಕ್ಕಿಂತ ಒಂದು ಚೂಪಾದವು. ಹರಿವೆ ಸೊಪ್ಪಿನ ಮುಂದೆ ಅವುಗಳನ್ನು ಆಡಿ ಏನು ಉಪಯೋಗ?

ಈಗ ಕೋಟಿನ ಗುಂಡಿ ಹಾಕಿ ಹಿಂದೆ ಸರಿಯುವಷ್ಟರಲ್ಲಿ ಜಗಲಿಯ ಮೇಲೆ ಧಡಧಡ ಸದ್ದಾಯಿತು. ಹೊಸದಾಗಿ ಕೆಲಸಕ್ಕೆ ಸೇರಿದ ಆಳೊಬ್ಬ ಎಡಗಣ್ಣಿಗೆ ಅಂಗೈ ಒತ್ತಿಕೊಂಡು ಅಮ್ಮಾ ಅಮ್ಮಾ ಎಂದು ಕುಣಿಯುತ್ತಿದ್ದ. ಸಾಯಂಕಾಲಕ್ಕೆಂದು ಅವಳು ಜಗಲಿಯ ತುದಿಯಲ್ಲಿ ಒಣಗಲು ಹಾಕಿದ್ದ ಇರುವುದೊಂದು ಧರ್ಮಾವರದ ಸೀರೆಯ ಅಂಚಿನ ಮೇಲೆಯೇ ಅವನ ಕಾಲು. “ಕೂತ್ಕೊಳೋ ಮುಂಡೇದೆ, ಸೀರೆ ಬಿಟ್ಟು ಕೂತ್ಕೋ” ಎಂದು ಅವನ ತಲೆ ಎಳೆದು ತೊಡೆಗೆ ಹಾಕಿಕೊಂಡಳು. ಕಣ್ಣು ಕೆಂಡವಾಗಿತ್ತು. ನಾಲಿಗೆ ಆಡಿಸಿದಳು, ಕಣ್ಣೀರಿನ ಉಪ್ಪು, ಅದರ ಹಿಂದೆ ಹಲಸಿನ ಮರದ ಸಪ್ಪೆ ಸಿಹಿ. ಬಂತು. ಮುಂಗೈಮೇಲೆ ಉಗಿದು ನೋಡಿದಳು, ಸಾಸಿವೆಯ ಅರ್ಧದಷ್ಟು. ಅವನು ಎದ್ದು ಕಣ್ಣು ಪಿಳಿಪಿಳಿ ಮಾಡಿ, ಹಿರಿಯರು ಹೇಳಿಕೊಟ್ಟ ಹಾಗೆ ಮುಖ ಆ ಕಡೆ ಮಾಡಿಕೊಂಡು, ಮತ್ತೆ ಅದೇ ಸೀರೆಯನ್ನು ತುಳಿದುಕೊಂಡು ಹೋದ. ಇಷ್ಟು ಬೇಗ ಕಲಿತುಬಿಟ್ಟಿದ್ದಾನೆ ಎಂದುಕೊಂಡಳು. ಒಳ್ಳೆಯದನ್ನು ಕಲಿಯುವುದಕ್ಕೆ ವರ್ಷ ಬೇಕು. ತಿರುಗಿ ನೋಡದೆ ಹೋಗುವುದನ್ನು ಕಲಿಯುವುದಕ್ಕೆ ಒಂದು ದಿನ ಸಾಕು.

ಸಾಯಂಕಾಲ ಪಕ್ಕದ ಬೀದಿಯ ದ್ರೌಪದಮ್ಮ ಬಂದು ಕರೆದಳು. ಅವಳಿಗೂ ಇವತ್ತು ಶಾಲು. ಮಳೆಗಾಲದಲ್ಲಿ ಕಾಡಿನಿಂದ ದಿಮ್ಮಿ ಇಳಿಯುವುದು ನಿಂತು, ಕುಣಿಗಳಲ್ಲಿ ನೀರು ನಿಂತು, ಮರ ಕುಯ್ಯುವವರ ಮನೆಗಳಲ್ಲಿ ಒಲೆ ಆರಿದಾಗ ದ್ರೌಪದಮ್ಮ ಮನೆಮನೆಗೂ ಹೋಗಿ ಹಿಡಿ ಹಿಡಿ ರಾಗಿ ಎತ್ತಿ ತಂದು ಅವರಿಗೆ ಹಂಚುತ್ತಾಳೆ. ಹಂಚುವಾಗ ಬೈಯುತ್ತಾಳೆ, ಎತ್ತುವಾಗಲೂ ಬೈಯುತ್ತಾಳೆ. ಆದ್ದರಿಂದ ಯಾರೂ ಅವಳಿಗೆ ಇಲ್ಲ ಎನ್ನುವುದಿಲ್ಲ. ಅವಳು ತಲೆಗೆ ಮಲ್ಲಿಗೆ ಮುಡಿದು, ಕೆನ್ನೆಗೆ ಅರಿಶಿನ ಬಳಿದುಕೊಂಡು, ಮದುವಣಗಿತ್ತಿಯ ಹಾಗೆ ಬಂದಿದ್ದಳು.

“ಏನೇ ಸೊಣ್ಣಿ, ಮಖ ಯಾಕೆ ಸುಟ್ಟ ಬದ್ನೇಕಾಯಿ ಆಗದೆ?”

“ಏನಿಲ್ಲ, ನಡಿ.”

“ಎಣ್ಣೆ ಬಂದಾಗ ಕಣ್ ಮುಚ್ಕೊಂಡ್ರಂತೆ, ನಿಂದೂ ಅದೇ ಕತೆ. ನಾನಾಗಿದ್ರೆ ಶಾಲು ಈಸ್ಕೊಂಡು, ಸಾಯ್ರೋ ನಿಮ್ ಕಣ್ಣು ನೀವೇ ನೆಕ್ಕೊಳ್ರೋ ಅಂತಿದ್ದೆ.”

“ನಿಂಗೇನ್ ಕಣೇ, ರಾಗಿಗೆ ಆಣೆ ಇಲ್ಲ.”

“ಇದ್ರೂ ನಾನ್ ಕೇಳ್ತಿದ್ನಾ?” ಎಂದು ದ್ರೌಪದಮ್ಮ ಎಲೆ ಅಡಿಕೆ ಉಗಿದಳು. ಮುಂದೆ ಪಿಳ್ಳಣ್ಣ ಕೋಟಿನಲ್ಲಿ ಕೈ ಬೀಸಲಾಗದೆ ಮರದ ಗೊಂಬೆಯ ಹಾಗೆ ನಡೆಯುತ್ತಿದ್ದ. ಹಿಂದಿನಿಂದ ಅವನ ಬೆನ್ನು ನೋಡುತ್ತ ನಡೆಯುವುದು ಸೊಣ್ಣಮ್ಮನಿಗೆ ಹೊಸದಲ್ಲ. ಇವತ್ತು ಮಾತ್ರ ಆ ಬೆನ್ನಿನ ಹೊಲಿಗೆ ಯಾವ ಗಳಿಗೆಯಲ್ಲಿ ಪಿಸಿಯುತ್ತದೋ ಎಂದು ಕಾಯುವ ಒಂದು ದುಷ್ಟ ಸುಖವಿತ್ತು. ಪಿಸಿಯಲಿಲ್ಲ. ಅದೂ ಒಂದು ಬೇಸರ.

ದೊಡ್ಡ ಕುಣಿಯ ಮೇಲೆ ಹಲಗೆ ಹಾಸಿ ವೇದಿಕೆ ಮಾಡಿದ್ದರು. ಅದರ ಮೇಲೆ ಯಾರು ಹೆಜ್ಜೆ ಇಟ್ಟರೂ ಕೆಳಗೆ ಇನ್ನೊಬ್ಬ ನಡೆದ ಹಾಗೆ ಟೊಳ್ಳು ಸದ್ದು. ಬೇವಿನ ಮರಕ್ಕೆ ಕಟ್ಟಿದ ಮೈಕಿನ ತುತ್ತೂರಿ ಒಂದು ಸಲ ಕಿರಿಚಿ ಸುಮ್ಮನಾಯಿತು. ಮುಖ್ಯ ಅತಿಥಿ, ಬಿಳಿ ಪ್ಯಾಂಟಿನ ದಪ್ಪ ಮನುಷ್ಯ, ಕಾಡು ನಮ್ಮ ತಾಯಿ, ಮರ ನಮ್ಮ ಅಣ್ಣತಮ್ಮಂದಿರು ಎಂದು ಬಹಳ ಹೊತ್ತು ಮಾತಾಡಿದರು. ಕೂತಿದ್ದವರೆಲ್ಲ ಆ ಅಣ್ಣತಮ್ಮಂದಿರನ್ನು ಕುಯ್ದು ಹೊಟ್ಟೆ ಹೊರೆಯುವವರು. ಅವರು ಭಕ್ತಿಯಿಂದ ಕೇಳಿದರು. ದ್ರೌಪದಮ್ಮನ ಹೆಸರು ಕೂಗಿದರು. ಅವಳು ಹೋಗಿ, ಶಾಲು ಹೊದ್ದು, ಹಾರ ಹಾಕಿಸಿಕೊಂಡು, “ಬರೋ ಮಳೆಗಾಲಕ್ಕೆ ಯಾರಾರು ರಾಗಿ ಇಲ್ಲ ಅಂದ್ರೆ ಈ ಶಾಲ್ನೇ ಅವರ್ ಕತ್ತಿಗೆ ಸುತ್ತೀನಿ” ಎಂದು ಮೈಕಿನಲ್ಲಿ ಹೇಳಿ, ಎಲ್ಲರನ್ನೂ ನಗಿಸಿ, ಇಳಿದು ಬಂದು ಸೊಣ್ಣಮ್ಮನ ಪಕ್ಕ ಕೂತಳು. ಹೊಸ ಬಟ್ಟೆಯ ವಾಸನೆ. ಸೊಣ್ಣಮ್ಮ ಮೂಗನ್ನು ಆ ಕಡೆ ತಿರುಗಿಸಲಿಲ್ಲ.

ಆಮೇಲೆ ಮುನಿಕೃಷ್ಣಪ್ಪ ಎದ್ದು ನಿಂತು ಅವಳ ವಿಷಯ ಹೇಳಿದ. ಹೇಳಿದ್ದೆಲ್ಲ ಚೆನ್ನಾಗಿಯೇ ಇತ್ತು. ತಾಯಿ, ತ್ಯಾಗ, ನಿಸ್ವಾರ್ಥ. ಆದರೆ ಅವಳು ರೊಟ್ಟಿ ತಟ್ಟುತ್ತ ತನ್ನೊಳಗೆ ಆಡಿ ನೋಡಿಕೊಂಡಿದ್ದ ಮಾತುಗಳು ಇವಲ್ಲ. ಅವಳ ಮಾತಿನಲ್ಲಿ ನಾಲಿಗೆ ಇತ್ತು, ಕಣ್ಣಿತ್ತು, ಕೀವಿತ್ತು, ಜ್ವರ ಬಂದ ದಿನವೂ ಎದ್ದು ಕೂತದ್ದಿತ್ತು. ಸಾವ್ಕಾರನಿಗೆ ನಾಲಿಗೆ ಎಂಬ ಮಾತನ್ನು ಅತಿಥಿಗಳ ಮುಂದೆ ಆಡುವುದು ನಾಚಿಕೆಯಾಗಿತ್ತೋ ಏನೋ, ‘ನೇತ್ರಸೇವೆ’ ಎಂದ. ಮುಖ್ಯ ಅತಿಥಿಗಳು ಕಣ್ಣಿಗೆ ಔಷಧಿ ಬಿಡುವ ನರ್ಸು ಎಂದುಕೊಂಡು ತಲೆಯಾಡಿಸಿದರು. “ಆ ಮಹಾತಾಯಿಯ ಪರವಾಗಿ ಈ ಗೌರವವನ್ನು ಸ್ವೀಕರಿಸಲು ಅವರ ಯಜಮಾನರಾದ ಶ್ರೀ ಪಿಳ್ಳಣ್ಣನವರು ವೇದಿಕೆಗೆ ಬರಬೇಕು.”

ಪಿಳ್ಳಣ್ಣ ಹೋದ. ಹೊದಿಸಿಕೊಂಡ. ಬಾದಾಮಿ ಬಣ್ಣದ ಶಾಲು, ಅಂಚಿನಲ್ಲಿ ಹಸಿರು ಬಳ್ಳಿ. ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು. ಇಷ್ಟಕ್ಕೆ ಇಳಿದು ಬಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವನು ಮೈಕು ಹಿಡಿದ. ‘ಸಭಾಧ್ಯಕ್ಷರೇ’ ಎಂಬುದು ಈಗ ತಡೆಯಿಲ್ಲದೆ ಬಂತು. “ಇದ್ರಲ್ಲಿ ನನ್ ದೊಡ್ಡಸ್ತಿಕೆ ಏನೂ ಇಲ್ಲ. ಎಂಗಸು ಅಂದ್ಮೇಲೆ ಗಂಡನ ಅಪ್ಪಣೆ ಇಲ್ದೆ ಏನೂ ಆಗಲ್ಲ. ಬೇರೆ ಗಂಡನಾಗಿದ್ರೆ ಬಿಡ್ತಿದ್ನಾ? ನಾನ್ ಬಿಟ್ಟೆ. ಎಲ್ಲಾ ನುಂಗ್ಕೊಂಡೆ” ಎಂದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು. ತನ್ನ ಮಾತನ್ನು ತಾನೇ ನಂಬಿಬಿಟ್ಟಿದ್ದ. ಗೂಡಿನಲ್ಲಿ ಬೋರಲಾಗಿ ಕೂತ ಲೋಟ ಅವಳ ಕಣ್ಣಿಗೆ ಕಟ್ಟಿತು. ಆದರೂ ಅವಳನ್ನು ಎಬ್ಬಿಸಿದ್ದು ಅವನ ಮಾತಲ್ಲ. ಚಪ್ಪಾಳೆ. ಮುಂದಿನ ಸಾಲಿನಲ್ಲಿ ದಸ್ತಗೀರ, ಚಿಕ್ಕಮಾರಯ್ಯ, ಕುಣಿಯವರೆಲ್ಲ ಜೋರಾಗಿ ತಟ್ಟುತ್ತಿದ್ದರು, ಮುಖದ ತುಂಬ ನೆಮ್ಮದಿ. ಆ ಚಪ್ಪಾಳೆ ಪಿಳ್ಳಣ್ಣನಿಗಲ್ಲ, ಅವಳಿಗೂ ಅಲ್ಲ. ಗಂಡಾಂತರ ಕಳೆಯಿತು, ತಮ್ಮ ಕಣ್ಣು ತಮಗೆ ಉಳಿಯಿತು ಎಂದು ತಟ್ಟಿಕೊಳ್ಳುತ್ತಿದ್ದರು. ಅವರಲ್ಲಿ ಯಾರೂ ಹಿಂದೆ ತಿರುಗಿ ಅವಳು ಎಲ್ಲಿ ಕೂತಿದ್ದಾಳೆ ಎಂದು ನೋಡಲಿಲ್ಲ.

ಎದ್ದಿದ್ದೇನೆ ಎಂದು ಅವಳಿಗೆ ಗೊತ್ತಾದದ್ದು ಕಾಲಕೆಳಗೆ ಹಲಗೆ ಟೊಳ್ಳಾಗಿ ಸದ್ದು ಮಾಡಿದಾಗ. “ಗಂಡನ ಪಾದಕ್ಕೆ ನಮಸ್ಕಾರ ಮಾಡಲು ಬರುತ್ತಿದ್ದಾರೆ! ನೋಡಿ, ಇದು ನಮ್ಮ ಸಂಸ್ಕೃತಿ!” ಎಂದು ಮುನಿಕೃಷ್ಣಪ್ಪ ಮೈಕಿನಲ್ಲಿ ಕೂಗಿದ. ಪಿಳ್ಳಣ್ಣ ಪಾದಗಳನ್ನು ಜೋಡಿಸಿ ನಿಂತುಕೊಂಡ. ಅವಳು ಅವನ ಹೆಗಲಿನಿಂದ ಶಾಲನ್ನು ಎಳೆದಳು. ಕೋಟಿನ ಗುಂಡಿಗೆ ಸಿಕ್ಕಿಕೊಂಡಿತು. ಇನ್ನೊಂದು ಸಲ ಎಳೆದಳು, ಗುಂಡಿ ಹಾರಿ ಹಲಗೆಯ ಸಂದಿಯಲ್ಲಿ ಕುಣಿಗೆ ಬಿತ್ತು. ಶಾಲನ್ನು ತನ್ನ ಮೈಗೆ ಸುತ್ತಿಕೊಂಡಳು. “ಇದು ನಂದು” ಎಂದಳು. ಮೈಕು ದೂರವಿತ್ತು, ಮುಂದಿನ ಸಾಲಿಗೆ ಮಾತ್ರ ಕೇಳಿಸಿತು. ಅಷ್ಟಕ್ಕೂ ಸಾಲದೆಂಬಂತೆ ಕೈ ತಾನಾಗಿ ತಟ್ಟೆಗೆ ಹೋಯಿತು. ಬಾಳೆಹಣ್ಣು ಸುಲಿದು ಎಲ್ಲರ ಮುಂದೆ ನಿಂತೇ ತಿಂದಳು. ಏನು ರುಚಿ ಎಂದು ತಿಳಿಯಲಿಲ್ಲ. ಬಾಯಿ ಒಣಗಿ ನುಂಗುವುದೇ ಕಷ್ಟವಾಯಿತು, ನಿಲ್ಲಿಸುವುದು ಅದಕ್ಕಿಂತ ಕಷ್ಟ. ಕುಣಿಯವರು, ಗರಗಸ ನಟ್ಟನಡುವೆ ಮುರಿದರೆ ನೋಡುವ ಹಾಗೆ ನೋಡುತ್ತಿದ್ದರು. ದಸ್ತಗೀರ ಎರಡು ಕೈಯನ್ನೂ ತಲೆಯ ಮೇಲೆ ಹೊತ್ತುಕೊಂಡಿದ್ದ. ಇಡೀ ಸಭೆಯಲ್ಲಿ ನಕ್ಕವಳು ದ್ರೌಪದಮ್ಮ ಒಬ್ಬಳೇ.

ಆಮೇಲಿನ ದಿನಗಳಲ್ಲಿ ಯಾರೂ ಬರಲಿಲ್ಲ. ಪಿಳ್ಳಣ್ಣ ಮಾತು ಬಿಟ್ಟ. ಗುಂಡಿ ಹೋದ ಕೋಟನ್ನು ಷಡ್ಡಕನಿಗೆ ಹೇಗೆ ವಾಪಸು ಕೊಡುವುದು ಎಂಬುದೇ ಅವನ ಮೌನದ ಮುಕ್ಕಾಲು ಪಾಲು ಇರಬೇಕು. ಸೊಣ್ಣಮ್ಮ ಬೆಳಿಗ್ಗೆ ಎದ್ದು ಮುಕ್ಕಳಿಸಲಿಲ್ಲ. ನಡುಮಧ್ಯಾಹ್ನ, ಬೆವರು ಕಿತ್ತುಕೊಂಡು ಬರುತ್ತಿದ್ದರೂ ಶಾಲು ಹೊದ್ದು ಜಗಲಿಯ ಮೇಲೆ ಕೂತಳು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಆಳುಗಳು ಅವಳ ಮನೆಯ ಮುಂದೆಯೇ ಹಾದು ಮಲ್ಲೇಶ್ವರದ ಆಸ್ಪತ್ರೆಯ ದಾರಿ ಹಿಡಿದರು. ಅವಳನ್ನು ಕಂಡರೆ ಆ ಕಡೆಯ ಚರಂಡಿಯ ಅಂಚಿಗೆ ಸರಿದು ನಡೆದರು. ಚಿಕ್ಕಮಾರಯ್ಯನಂತೂ ಎದುರಾದಾಗ, ಸತ್ತವರ ಮನೆಯಲ್ಲಿ ಮಾತಾಡಿಸುವ ಹಾಗೆ, “ಊಟ ಆಯ್ತಾ ಅವ್ವ” ಎಂದು ಸಣ್ಣ ದನಿಯಲ್ಲಿ ಕೇಳಿ ಹೋದ. “ರಜಾ ಸಿಕ್ತು ಬಿಡೇ, ಮಲಕ್ಕೊ” ಎಂದಳು ದ್ರೌಪದಮ್ಮ. ಮಲಗಿದರೆ ನಿದ್ದೆ ಬರಲಿಲ್ಲ. ಅವಳು ನಾಲಿಗೆಯ ತುದಿಯನ್ನು ಹಲ್ಲಿನ ಹಿಂದೆ, ಒಸಡಿನ ಮೇಲೆ, ಅಂಗುಳಕ್ಕೆ ಆಡಿಸಿ ನೋಡಿದಳು. ಇದ್ದ ಹಾಗೇ ಇತ್ತು. ಸತ್ತ ನಾಲಿಗೆ ಹೇಗಿರುತ್ತದೆ? ಸತ್ತಿದೆ ಎಂದು ಅದಕ್ಕೇ ಗೊತ್ತಾಗುತ್ತದೆಯೇ? ಸುಬ್ಬಮ್ಮ ಸಾಯುವ ಮುಂಚೆ ಒಂದು ಸಲವಾದರೂ ಯಾರಿಂದಲಾದರೂ ಏನಾದರೂ ಮುಟ್ಟಿ ನೋಡಿದ್ದಳೇ, ಅಥವಾ ಅವಳ ಅತ್ತೆ ಹೇಳಿದಳೆಂದು ಅವಳೂ ಹೆದರಿಕೊಂಡೇ ಹೋದಳೇ? ಕೇಳೋಣವೆಂದರೆ ಸುಬ್ಬಮ್ಮ ಈಗ ಎಲ್ಲಿ ಸಿಗುತ್ತಾಳೆ. ಬದುಕಿದ್ದಾಗಲೂ ಅವಳು ಕೇಳಿದ್ದಕ್ಕೆ ಉತ್ತರ ಕೊಡುವ ಹೆಂಗಸಲ್ಲ.

ಬೀದಿಯ ನಲ್ಲಿಯ ಹತ್ತಿರ ಒಂದು ಬೆಳಿಗ್ಗೆ ದಸ್ತಗೀರನ ಹೆಂಡತಿ ಫಖ್ರುನ್ನೀಸಾ ಸಿಕ್ಕಳು. ಕೊಡ ತುಂಬಿ ಚೆಲ್ಲುತ್ತಿದ್ದರೂ ಎತ್ತದೆ ನಿಂತಿದ್ದಳು.

“ಏನಮ್ಮ, ನೀರು ಹೋಗ್ತದೆ.”

“ಹೋಗ್ಲಿ ಅಕ್ಕಾ. ಅವರ ಕಣ್ಣೇ ಹೋಗ್ತಾ ಇದೆ” ಎಂದಳು. “ಮೊನ್ನೆ ಬಿದ್ದಿದ್ದು. ಹರಳೆಣ್ಣೆ ಬಿಟ್ಟಾಯ್ತು. ಮಗಳು ತಾಹೆರಾ ಎದೆಹಾಲು ಹಿಂಡಿದ್ಳು. ಆಸ್ಪತ್ರೆಗೆ ಹೋದ್ರೆ ಬೆಳಿಗ್ಗೆಯಿಂದ ಕ್ಯೂ, ಸಾಯಂಕಾಲ ಹನಿ ಔಷಧ ಬಿಟ್ಟು ಕಳಿಸಿದ್ರು. ಊತ ಇಳೀಲಿಲ್ಲ. ಇವತ್ತೂ ಬಟ್ಟೆ ಕಟ್ಕೊಂಡು ಕುಣಿಗೆ ಇಳಿದಿದ್ದಾರೆ, ಕೇಳಲ್ಲ.”

“ನನ್ನತ್ರ ಯಾಕ್ ಬರ್ಲಿಲ್ಲ?”

ಫಖ್ರುನ್ನೀಸಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಹೋಗಿ ಅಂದೆ ಅಕ್ಕಾ. ಸೊಣ್ಣಮ್ಮನ ನಾಲಿಗೆ ಸತ್ತೋಗಿದೆ, ಅಲ್ಲಿ ಯಾಕೆ ಅಂತಾರೆ.”

ಸೊಣ್ಣಮ್ಮ ತನ್ನ ಕೊಡವನ್ನು ಅಲ್ಲಿಯೇ ಬಿಟ್ಟಳು. ದಾರಿಯುದ್ದಕ್ಕೂ ಬಾಯಿಗೆ ಬಂದದ್ದನ್ನೆಲ್ಲ ಬೈದುಕೊಂಡು ಹೋದಳು. ದಸ್ತಗೀರನನ್ನು, ಅವನ ಜೋಡಿಯನ್ನು, ಸಾವ್ಕಾರನನ್ನು, ಸತ್ತ ಅತ್ತೆಯನ್ನು. ಸತ್ತೋಗಿದೆಯಂತೆ. ಹೆಣ ನೋಡಿದವರ ಹಾಗೆ ಹೇಳುತ್ತಾನೆ. ಮೂವತ್ತು ವರ್ಷ ಕೆಲಸ ಮಾಡಿದ್ದು ನಾಲಿಗೆ, ಅದಕ್ಕೆ ಬೆಲೆಯಿಲ್ಲ. ಒಂದು ಬಾಳೆಹಣ್ಣು ತಿಂದರೆ ಅದು ಸತ್ತದ್ದಕ್ಕೆ ಸಾಕ್ಷಿ. ಡಿಪೋ ಸೇರುವ ಹೊತ್ತಿಗೆ ಏದುಸಿರು ಬರುತ್ತಿತ್ತು. ದಿಮ್ಮಿಯ ಮೇಲೆ ನಿಂತಿದ್ದ ಚಿಕ್ಕಮಾರಯ್ಯ ಅವಳನ್ನು ಕಂಡು ಗರಗಸ ನಿಲ್ಲಿಸಿದ. ಅವಳು ಹೊಟ್ಟಿನ ಇಳಿಜಾರಿನಲ್ಲಿ ಜಾರಿಕೊಂಡೇ ಕುಣಿಗೆ ಇಳಿದಳು. ಇಷ್ಟು ವರ್ಷದಲ್ಲಿ ಅವಳು ಕುಣಿಗೆ ಇಳಿದದ್ದು ಇದೇ ಮೊದಲು. ಒಳಗೆ ತಂಪು, ಕತ್ತಲೆ, ಹೊಸ ಮರದ ಹಸಿ ವಾಸನೆ.

“ಯಾರು?” ಎಂದ ದಸ್ತಗೀರ. ಒಂದು ಕಣ್ಣಿಗೆ ಬಟ್ಟೆ, ಇನ್ನೊಂದೂ ನೀರಾಡಿ ಮುಚ್ಚಿತ್ತು.

“ನಿಮ್ಮವ್ವ. ಕೂತ್ಕೊ.”

“ಅಮ್ಮಾ, ಬೇಡಮ್ಮ. ಆಣೆ ಮುರಿದುಹೋಗಿದೆ. ಈಗ ಮುಟ್ಟಿದ್ರೆ ಇರೋದೂ ಹೋಗುತ್ತೆ.”

“ಹೋದ್ರೆ ಹೋಗ್ಲಿ, ಕೂತ್ಕೋ ಅಂದ್ನಲ್ಲ.”

“ಚಿಕ್ಕಮಾರಣ್ಣಾ, ನೋಡಣ್ಣಾ, ಹೇಳಣ್ಣಾ...”

“ನಾನೇನ್ ಹೇಳ್ಲಿ ಮಾರಾಯ, ಅವ್ವನ್ನ ತಡೆಯೋಕೆ ಅವತ್ತು ಸಾವ್ಕಾರ್ರ ಕೈಲೇ ಆಗಲಿಲ್ಲ” ಎಂದ ಚಿಕ್ಕಮಾರಯ್ಯ ಮೇಲಿನಿಂದ.

ಅವಳು ಅವನ ಕೂದಲು ಹಿಡಿದು ಜಗ್ಗಿದಳು. ಗರಗಸ ಎಳೆದು ಎಳೆದು ಕಬ್ಬಿಣವಾದ ಆ ಮೈ ಒಂದು ಸಲ ಕೊಸರಾಡಿ, ಸೋತು, ಹೊಟ್ಟಿನ ಗುಡ್ಡೆಯ ಮೇಲೆ ಕುಸಿಯಿತು. ತಲೆ ತೊಡೆಗೆ ಬಂತು. ಬಟ್ಟೆ ಬಿಚ್ಚಿದಾಗ ಕಣ್ಣಿನ ಜಾಗದಲ್ಲಿ ಒಂದು ಹಣ್ಣಾದ ಗಾಯ ಕಂಡಿತು. ಮುಕ್ಕಳಿಸಿರಲಿ ಬಿಡಲಿ, ಅವಳು ಬಗ್ಗಿದಳು. ನಾಲಿಗೆಯನ್ನು ಒಂದು ಸುತ್ತು ತಂದಳು. ಉಪ್ಪು, ಔಷಧಿಯ ಕಹಿ, ಹರಳೆಣ್ಣೆಯ ಜಿಡ್ಡು. ಬೇರೇನೂ ಇಲ್ಲ. ಇನ್ನೊಂದು ಸುತ್ತು. ಇಲ್ಲ. ಮೇಲೆ ಗರಗಸದ ಹಿಡಿ ಹಿಡಿದು ನಿಂತವನ ಉಸಿರು ಕೂಡ ಕೇಳಿಸುತ್ತಿತ್ತು. ನಿಜವೇ ಇರಬೇಕು ಹಾಗಾದರೆ. ಮುದುಕಿ ಸುಳ್ಳು ಹೇಳಿರಲಿಲ್ಲ. ತಾನು ಆ ದಿನ ಹಲಗೆಯ ಮೇಲೆ ನಿಂತು ತಿಂದದ್ದು ಈ ಕಣ್ಣನ್ನು. ಇವನ ಮನೆಯ ಒಲೆಯನ್ನು. ಸರಿ, ತಿಂದೆ ಎಂದು ಒಪ್ಪಿಕೊಂಡು ಎದ್ದು ಹೋಗಬಹುದು. ಆದರೆ ಎದ್ದು ಎಲ್ಲಿಗೆ ಹೋಗುವುದು? ರೆಪ್ಪೆಯನ್ನು ಇನ್ನೂ ಮೇಲಕ್ಕೆ, ಅವನು ಹಲ್ಲು ಕಚ್ಚಿ ನರಳುವಷ್ಟು ಮೇಲಕ್ಕೆ ಮಗುಚಿದಳು. ಮೂಗಿನ ಕಡೆಯ ಮೂಲೆಯಲ್ಲಿ, ಊದಿದ ಮಾಂಸದ ಮಡಿಕೆಯೊಳಗೆ, ನಾಲಿಗೆಗೆ ಒಂದು ಮುಳ್ಳು ತಾಗಿತು. ಒತ್ತಿದಳು. ಜಾರಿತು. ಮತ್ತೆ ಒತ್ತಿದಳು. ತೇಗದ ಸಿಬಿರು, ಕಹಿ, ಅವಳ ನಾಲಿಗೆಗೇ ಚುಚ್ಚಿಕೊಂಡು ಹೊರಗೆ ಬಂತು.

ಅದನ್ನು ಉಗಿದು ಬಾಯಿ ಒರೆಸಿಕೊಂಡಳು. ಸೆರಗಿಗೆ ರಕ್ತ ಹತ್ತಿತು. ಅದು ಅವನದೋ ತನ್ನದೋ ತಿಳಿಯಲಿಲ್ಲ. ಇನ್ನು ಇವನು ಎದ್ದು ಆ ಕಡೆ ತಿರುಗುತ್ತಾನೆ, ಆ ಬೆನ್ನನ್ನು ನೋಡುವುದು ಬೇಡವೆಂದು ಅವಳೇ ಕುಣಿಯ ಗೋಡೆಯ ಕಡೆಗೆ ಮುಖ ಮಾಡಿದಳು. ತೊಡೆಯ ಮೇಲಿನ ಭಾರ ಇಳಿಯಲಿಲ್ಲ. ತಿರುಗಿದರೆ ದಸ್ತಗೀರ ಅಲ್ಲಿಯೇ ಅಂಗಾತ ಮಲಗಿದ್ದ. ಊದಿದ ಕಣ್ಣು ಸೀಳಿನಷ್ಟು ತೆರೆದಿತ್ತು, ಇನ್ನೊಂದು ಪೂರ್ತಿ ತೆರೆದಿತ್ತು. ಎರಡರಲ್ಲೂ ನೀರು. ಅವನು ಅವಳ ಮುಖವನ್ನು ನೋಡುತ್ತಿದ್ದ, ಹಣೆಯಿಂದ ಗಲ್ಲದವರೆಗೆ, ಗಲ್ಲದಿಂದ ಹಣೆಯವರೆಗೆ. ಇಷ್ಟು ಹತ್ತಿರದಿಂದ ಅವನು ಅವಳನ್ನು ನೋಡಿದ್ದು ಇದೇ ಮೊದಲು. ಹಿಂದೆಲ್ಲ ಇಷ್ಟು ಹತ್ತಿರವಿದ್ದಾಗ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ.

“ಅಮ್ಮಾ” ಎಂದ. ಉಪಕಾರವಾಯಿತು ಎಂಬ ಆ ಹೇಳಬಾರದ ಮಾತು ಬರುತ್ತದೆ ಎಂದುಕೊಂಡಳು. “ನಿಮಗೆ ಇಷ್ಟೊಂದು ವಯಸ್ಸಾಗೋಯ್ತಾ?”

ಮೂವತ್ತು ವರ್ಷ ಕಾದ ಮಾತು ಇದೇನಾ ಎಂದು ಅವಳಿಗೆ ರೇಗಿತು. “ಊಂ ಕಣೋ, ಆಯ್ತು” ಎಂದಳು. “ನೀವು ತಿರುಗಿ ನೋಡೋಷ್ಟರಲ್ಲಿ ಆಗೋಯ್ತು.”

ಮೇಲೆ ಚಿಕ್ಕಮಾರಯ್ಯ ಗರಗಸದ ಹಿಡಿ ಬಿಟ್ಟು ದಿಮ್ಮಿಯ ಮೇಲೆ ಕುಕ್ಕುರುಗಾಲಿನಲ್ಲಿ ಕೂತ. ದಸ್ತಗೀರ ಏಳಲಿಲ್ಲ. ತೊಡೆ ಜೋಮು ಹಿಡಿಯುತ್ತ ಬಂತು, ನಾಲಿಗೆ ಉರಿಯುತ್ತಿತ್ತು. ನಲ್ಲಿಯ ಹತ್ತಿರ ಬಿಟ್ಟುಬಂದ ಕೊಡವನ್ನು ಇಷ್ಟು ಹೊತ್ತಿಗೆ ಯಾರಾದರೂ ಒದ್ದಿರುತ್ತಾರೆ. ಏಳೋ ಎನ್ನಲು ಬಾಯಿ ತೆರೆದವಳು ಸುಮ್ಮನಾದಳು. ನೋಡಲಿ.